ಅರಿಶಿನದ ಕ್ಯಾಪ್ಸೂಲು ಮತ್ತು ಪರಂಪರೆಯ ಸಾಕ್ಷ್ಯ

ಅರಿಶಿನದ ಕ್ಯಾಪ್ಸೂಲು ಸುರಕ್ಷಿತ ಎಂದು ಹೇಳುವವರ ಅತಿ ಬಲವಾದ ವಾದ ಪ್ರಯೋಗಾಲಯದಿಂದ ಬಂದದ್ದಲ್ಲ, ನಮ್ಮ ಅಡುಗೆಮನೆಯಿಂದ ಬಂದದ್ದು. ತಲೆತಲಾಂತರದಿಂದ ತಿನ್ನುತ್ತ ಬಂದಿದ್ದೇವೆ, ಯಾರಿಗೇನಾಗಿದೆ? ಈ ಪ್ರಶ್ನೆಗೆ ಎದುರುತ್ತರ ಕೊಡುವುದು ಕಷ್ಟ. ನಾಗರಪಂಚಮಿಗೆ ಅರಿಶಿನದೆಲೆಯಲ್ಲಿ ಕಡುಬು ಬೇಯಿಸುವ ಕರಾವಳಿಯ ಮನೆಗಳಿಗೂ, ಚಾಮರಾಜನಗರ, ಗುಂಡ್ಲುಪೇಟೆಯ ಹೊಲಗಳಲ್ಲಿ ಅದನ್ನು ಬೆಳೆಯುವ ರೈತರಿಗೂ, ಕೆಮ್ಮಿದ ಮಗುವಿಗೆ ರಾತ್ರಿ ಬಿಸಿ ಹಾಲಿನಲ್ಲಿ ಚಿಟಿಕೆ ಪುಡಿ ಕದಡಿ ಕೊಡುವ ತಾಯಂದಿರಿಗೂ ಅರಿಶಿನದ ಮೇಲೆ ಅನುಮಾನವೆಂದರೆ ಮನೆಯವರ ಮೇಲೇ ಅನುಮಾನಪಟ್ಟಂತೆ. ಆ ವಿಶ್ವಾಸ ಸರಿಯಾದದ್ದೇ. ನನ್ನ ತಕರಾರು ಅದರ ಮೇಲಲ್ಲ. ಅಡುಗೆಯ ಅರಿಶಿನ ಗಳಿಸಿದ ವಿಶ್ವಾಸವನ್ನು ಬೇರೊಂದು ಪದಾರ್ಥದ ಹೆಸರಿಗೆ ಬರೆದುಕೊಡುವ ಮೌಲ್ಯಮಾಪನದ ಪದ್ಧತಿಯ ಮೇಲೆ.

ಬೇರೊಂದು ಪದಾರ್ಥ ಎಂಬ ಮಾತನ್ನು ಲೆಕ್ಕ ಹಾಕಿಯೇ ಹೇಳಬೇಕು. ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಬಣ್ಣದ ಅಂಶ ಸುಮಾರು ಶೇ 3. ದಿನಕ್ಕೆ ಎರಡು, ಎರಡೂವರೆ ಗ್ರಾಂ ಅರಿಶಿನ ತಿನ್ನುವವರ ಹೊಟ್ಟೆಗೆ ಹೋಗುವುದು ಹೆಚ್ಚೆಂದರೆ 60ರಿಂದ 100 ಮಿಲಿಗ್ರಾಂ ಕರ್ಕ್ಯುಮಿನ್. ಅದೂ ಎಣ್ಣೆಯಲ್ಲಿ ಹುರಿದು, ಬೇಳೆಯಲ್ಲಿ ಬೆಂದು, ನಾರು, ಪಿಷ್ಟ, ಸುಗಂಧ ತೈಲಗಳ ಜೊತೆ ಬೆರೆತು, ದಿನದ ಎರಡು ಮೂರು ಊಟಗಳಲ್ಲಿ ಹಂಚಿಹೋಗಿ. ಅಂಗಡಿಯ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು 500 ಮಿಲಿಗ್ರಾಂ ಸಾರ. ದ್ರಾವಕಗಳಲ್ಲಿ ಅದ್ದಿ ತೆಗೆದು, ಶೇ 95ರಷ್ಟು ಕರ್ಕ್ಯುಮಿನಾಯ್ಡ್ ಉಳಿಯುವಂತೆ ಶುದ್ಧೀಕರಿಸಿದ ಹಳದಿ ಪುಡಿ. ದಿನಕ್ಕೆ ಎರಡು ನುಂಗಿದರೆ 950 ಮಿಲಿಗ್ರಾಂ. ಅಷ್ಟನ್ನು ಅಡುಗೆಯ ಪುಡಿಯಿಂದ ಪಡೆಯಬೇಕಾದರೆ ಒಬ್ಬರೇ ದಿನವೂ ಮೂವತ್ತು ಗ್ರಾಂಗಿಂತ ಹೆಚ್ಚು ಅರಿಶಿನ ತಿನ್ನಬೇಕು. ಹಾಗೆ ತಿಂದ ತಲೆಮಾರು ಯಾವುದೂ ಇಲ್ಲ. ಹಾಗಾಗಿ ಈ ಕ್ಯಾಪ್ಸೂಲಿಗೆ ಸಾವಿರ ವರ್ಷಗಳ ಚರಿತ್ರೆಯೂ ಇಲ್ಲ. ಅದರ ವಯಸ್ಸು ಕೆಲವು ದಶಕಗಳು ಮಾತ್ರ.

ಸಸ್ಯಮೂಲ ಪೂರಕಗಳ ಸುರಕ್ಷತೆಯನ್ನು ಹೇಗೆ ಅಳೆಯಬೇಕು ಎಂಬುದಕ್ಕೆ ನನಗೆ ತಿಳಿದಂತೆ ಅತ್ಯಂತ ಶ್ರದ್ಧೆಯಿಂದ ರಚಿತವಾದ ದಾಖಲೆ ಯುರೋಪಿಯನ್ ಆಹಾರ ಸುರಕ್ಷತಾ ಪ್ರಾಧಿಕಾರದ್ದು. ಎಫ್ಸಾ ಎಂದು ಕರೆಯುವ ಈ ಸಂಸ್ಥೆ ಇಟಲಿಯ ಪಾರ್ಮಾ ನಗರದಲ್ಲಿದೆ. ಅದರ ವೈಜ್ಞಾನಿಕ ಸಮಿತಿ 2009ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಅದರ ಹೆಚ್ಚುಗಾರಿಕೆ ಇರುವುದು ಅದು ಕೇಳುವ ಪ್ರಶ್ನೆಗಳಲ್ಲಿ. ಯಾವ ಗಿಡ ಎಂದಷ್ಟೇ ಅದು ಕೇಳುವುದಿಲ್ಲ. ಬೇರೋ, ಎಲೆಯೋ, ಕಾಯಿಯೋ. ಎಲ್ಲಿ ಬೆಳೆದದ್ದು, ಯಾವಾಗ ಕೊಯ್ದದ್ದು. ನೀರಿನಲ್ಲಿ ಕುದಿಸಿದ್ದೋ, ಆಲ್ಕೋಹಾಲಿನಲ್ಲಿ ಇಳಿಸಿದ್ದೋ. ಎಷ್ಟು ಕಚ್ಚಾ ಮಾಲಿನಿಂದ ಎಷ್ಟು ಸಾರ ಬಂತು. ಅದರೊಳಗೆ ಏನೇನು, ಎಷ್ಟೆಷ್ಟಿದೆ. ಯಾರು, ದಿನಕ್ಕೆಷ್ಟು, ಎಷ್ಟು ಕಾಲ ತಿನ್ನುತ್ತಾರೆ ಎಂದು ಒಂದೊಂದಾಗಿ ಕೇಳುತ್ತ ಹೋಗುತ್ತದೆ. ತೀರ್ಪು ಗಿಡಕ್ಕಲ್ಲ, ಗಿಡದಿಂದ ಮಾಡಿದ ಆ ತಯಾರಿಕೆಗೆ.

ಪರಂಪರೆಯನ್ನು ಅದು ತಳ್ಳಿಹಾಕುವುದೂ ಇಲ್ಲ. ದೀರ್ಘಕಾಲ ಆಹಾರವಾಗಿ ಬಳಕೆಯಲ್ಲಿರುವ ಸಸ್ಯವನ್ನು ಹೊಸ ಪರೀಕ್ಷೆಗಳಿಲ್ಲದೆಯೇ ಸುರಕ್ಷಿತವೆಂದು ಭಾವಿಸಬಹುದು ಎನ್ನುತ್ತದೆ. ಆದರೆ ಅಲ್ಲೊಂದು ಗಟ್ಟಿಯಾದ ಷರತ್ತಿದೆ. ಪೂರಕದಿಂದ ದೇಹಕ್ಕೆ ಸೇರುವ ಪ್ರಮಾಣ ಸಾಂಪ್ರದಾಯಿಕ ಊಟದಿಂದ ಸೇರುತ್ತಿದ್ದ ಪ್ರಮಾಣವನ್ನು ಗಣನೀಯವಾಗಿ ಮೀರಬಾರದು. ತಯಾರಿಸುವ ಬಗೆಯೂ ಹೋಲಬೇಕು. ಹೋಲದಿದ್ದರೆ ಎರಡನೆಯ ಹಂತ: ಪ್ರಾಣಿಗಳ ಮೇಲೆ, ಜೀವಕೋಶಗಳ ಮೇಲೆ ವಿಷತ್ವದ ಪರೀಕ್ಷೆ. ಪರಂಪರೆಯನ್ನು ಸಾಕ್ಷಿಯಾಗಿ ಕರೆಯಬಹುದು, ಆದರೆ ಅದು ಕಣ್ಣಾರೆ ಕಂಡದ್ದರ ಬಗ್ಗೆ ಮಾತ್ರ ಹೇಳಿಕೆ ಕೊಡಬೇಕು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಮುಖ್ಯವಾದ ವಿವೇಕ ಇದು. ಅರಿಶಿನದ ಕ್ಯಾಪ್ಸೂಲಿಗೆ ಇದನ್ನು ಪ್ರಾಮಾಣಿಕವಾಗಿ ಅನ್ವಯಿಸಿದರೆ ಅಡುಗೆಮನೆಯ ವಾದ ಮೊದಲ ಹಂತದಲ್ಲೇ ಬಿದ್ದುಹೋಗುತ್ತದೆ.

ಕರ್ಕ್ಯುಮಿನ್‌ಗೆ ಒಂದು ಅಂಗೀಕೃತ ದೈನಂದಿನ ಮಿತಿ ಇದೆ: ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಇಲಿಗಳ ಹಲವು ಪೀಳಿಗೆಗಳ ಅಧ್ಯಯನದ ಆಧಾರದ ಮೇಲೆ ಇದನ್ನು ಗೊತ್ತುಮಾಡಿತು. 2010ರಲ್ಲಿ ಎಫ್ಸಾ ಕೂಡ ಅದನ್ನೇ ಒಪ್ಪಿತು. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ 180 ಮಿಲಿಗ್ರಾಂ. ನಮ್ಮ ಸಾರು, ಪಲ್ಯ, ಚಿತ್ರಾನ್ನಗಳೆಲ್ಲ ಸೇರಿದರೂ ಈ ಗೆರೆಯೊಳಗೆ ಆರಾಮಾಗಿ ಉಳಿಯುತ್ತವೆ. ಎರಡು ಕ್ಯಾಪ್ಸೂಲು ಅದನ್ನು ಐದು ಪಟ್ಟು ಮೀರುತ್ತವೆ. ಮಿತಿಯನ್ನು ಕರ್ಕ್ಯುಮಿನ್ ಆಹಾರದ ಬಣ್ಣವಾಗಿ ಬಳಕೆಯಾಗುವುದನ್ನು ಗಮನದಲ್ಲಿಟ್ಟು ಮಾಡಿದ್ದು, ಅದರಲ್ಲಿ ನೂರು ಪಟ್ಟು ಸುರಕ್ಷತಾ ಅಂತರವನ್ನೂ ಇಟ್ಟಿದ್ದಾರೆ. ಹಾಗಾಗಿ ಗೆರೆ ದಾಟಿದ ಮಾತ್ರಕ್ಕೆ ವಿಷವೆಂದು ಯಾರೂ ಹೇಳುವಂತಿಲ್ಲ. ಅಷ್ಟಾದರೂ ಆ ಸಂಖ್ಯೆ ಇನ್ನೂ ಒಂದು ವಿಷಯದಲ್ಲಿ ಮೌನವಾಗಿದೆ, ಮತ್ತು ಆ ಕತೆ ಬೆಂಗಳೂರಿನಲ್ಲಿ ಶುರುವಾಗುತ್ತದೆ.

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ ಒಂದು ಸಂಶೋಧನಾ ಲೇಖನ ಹೊರಬಂತು. ಕರ್ಕ್ಯುಮಿನ್‌ನ ದೊಡ್ಡ ತೊಡಕೆಂದರೆ ಅದು ರಕ್ತಕ್ಕೆ ಇಳಿಯುವುದೇ ಇಲ್ಲ. ಎರಡು ಗ್ರಾಂ ನುಂಗಿಸಿದರೂ ಸ್ವಯಂಸೇವಕರ ರಕ್ತದಲ್ಲಿ ಅದು ಸಿಕ್ಕಿದ್ದು ಅತ್ಯಲ್ಪ, ಕೆಲವೊಮ್ಮೆ ಸಿಕ್ಕಲೇ ಇಲ್ಲ. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಸತ್ವ, ಕೊಟ್ಟಾಗ ಕರ್ಕ್ಯುಮಿನ್‌ನ ಲಭ್ಯತೆ ಶೇ 2000ರಷ್ಟು ಏರಿತು. ಜಗತ್ತಿನಾದ್ಯಂತ ಇಂದು ಮಾರಾಟವಾಗುವ ಅಸಂಖ್ಯ ಅರಿಶಿನ ಪೂರಕಗಳ ಲೇಬಲ್ಲಿನ ಮೇಲೆ ಇದೇ ಸಂಖ್ಯೆ ನಾನಾ ರೂಪದಲ್ಲಿ ಕುಳಿತಿದೆ. ಪ್ರಯೋಗ ಸಣ್ಣದು, ಅಳತೆ ಮಾಡಿದ್ದು ಕೆಲವೇ ಗಂಟೆಗಳ ಕಾಲ, ಮೂಲ ಪ್ರಮಾಣ ತೀರ ಕಡಿಮೆ ಇದ್ದುದರಿಂದ ಶೇಕಡಾವಾರು ದೊಡ್ಡದಾಗಿ ಕಂಡಿತು. ಇವೆಲ್ಲ ಲೇಖನವನ್ನು ಓದಿದವರಿಗೆ ತಿಳಿಯುತ್ತದೆ. ಸಂಶೋಧಕರು ತಮ್ಮ ಪ್ರಶ್ನೆಗೆ ನೇರವಾದ ಉತ್ತರ ಕಂಡುಕೊಂಡರು, ಅದರಲ್ಲಿ ತಪ್ಪೇನಿಲ್ಲ.

ತಪ್ಪಿದ್ದು ಆಮೇಲೆ. ಪೈಪರಿನ್ ಕೆಲಸ ಮಾಡುವುದು ಹೇಗೆ? ಕರುಳು ಮತ್ತು ಯಕೃತ್ತುಗಳು ಹೊರಗಿನ ರಾಸಾಯನಿಕಗಳಿಗೆ ಗ್ಲುಕುರೋನಿಕ್ ಆಮ್ಲವನ್ನು ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕುತ್ತವೆ. ಆ ಕ್ರಿಯೆಯನ್ನು ಪೈಪರಿನ್ ತಡೆಯುತ್ತದೆ. ಹಲವು ಔಷಧಗಳನ್ನು ಒಡೆಯುವ ಕಿಣ್ವವೊಂದನ್ನೂ ಅದು ಕುಗ್ಗಿಸಬಲ್ಲದು. ಅಂದರೆ ಕರ್ಕ್ಯುಮಿನ್ ಒಳಗೆ ಬರದಂತೆ ನಿಂತಿದ್ದ ಕಾವಲನ್ನೇ ಬದಿಗೆ ಸರಿಸಿದ್ದಾಯಿತು. ಆ ಕಾವಲಿದ್ದಾಗ ಲೆಕ್ಕ ಹಾಕಿದ ಸುರಕ್ಷತಾ ಮಿತಿ, ಕಾವಲು ಹೋದ ಮೇಲೂ ಸರಿಯೇ ಎಂದು ಯಾರಾದರೂ ಮರುಪರೀಕ್ಷೆ ಮಾಡಬೇಕಿತ್ತು. ಪೈಪರಿನ್ ಮಾತ್ರವಲ್ಲ, ಕೊಬ್ಬಿನ ಕಣಗಳಲ್ಲಿ ಕಟ್ಟಿದ, ಸೂಕ್ಷ್ಮ ಹನಿಗಳಾಗಿ ಒಡೆದ ಕರ್ಕ್ಯುಮಿನ್ ರೂಪಗಳೂ ಮಾರುಕಟ್ಟೆಗೆ ಬಂದವು. ಲಾಭ ಹೇಳುವಾಗ ಹೀರಿಕೆ ಹಲವು ಪಟ್ಟು ಹೆಚ್ಚು ಎನ್ನುವುದು, ಸುರಕ್ಷತೆ ಹೇಳುವಾಗ ಅಜ್ಜಿಯ ಕಾಲದ ಅರಿಶಿನವೇ ಎನ್ನುವುದು. ಒಂದೇ ಲೇಬಲ್ಲಿನ ಮೇಲೆ ಈ ಎರಡೂ ಮಾತು ನಿಲ್ಲಲಾರವು. ಒಂದನ್ನು ನಂಬಿದರೆ ಇನ್ನೊಂದನ್ನು ಬಿಡಬೇಕು.

2019ರಲ್ಲಿ ಇಟಲಿಯ ಆರೋಗ್ಯ ಸಚಿವಾಲಯಕ್ಕೆ ಅರಿಶಿನ ಪೂರಕ ಸೇವಿಸಿದವರಲ್ಲಿ ತೀವ್ರ ಯಕೃತ್ತಿನ ಉರಿಯೂತದ ವರದಿಗಳು ಒಂದರ ಹಿಂದೊಂದು ಬಂದವು. ಒಟ್ಟು ಸುಮಾರು ಇಪ್ಪತ್ತು ಪ್ರಕರಣ. ಮೊದಲು ಎಲ್ಲರಿಗೂ ಬಂದ ಸಂಶಯ ಕಲಬೆರಕೆಯದು, ಅದು ಸಹಜ. ಅರಿಶಿನಕ್ಕೆ ಸೀಸದ ಕ್ರೋಮೇಟ್ ಬಣ್ಣ ಬೆರೆಸುವ ದುಷ್ಟತನವನ್ನು ಬಾಂಗ್ಲಾದೇಶದಲ್ಲಿ ಸಂಶೋಧಕರು ಅದೇ ಕಾಲಕ್ಕೆ ಬಯಲಿಗೆಳೆದಿದ್ದರು. ಆದರೆ ಇಟಲಿಯ ಮಾದರಿಗಳಲ್ಲಿ ಕಾಯಿಲೆಯನ್ನು ವಿವರಿಸುವಂಥ ಕಲಬೆರಕೆ ಸಿಗಲಿಲ್ಲ. ಸಚಿವಾಲಯ ಲೇಬಲ್ಲಿನ ಮೇಲೆ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು, 2022ರಲ್ಲಿ ಅರಿಶಿನ ಪೂರಕಗಳ ಆರೋಗ್ಯ ಹೇಳಿಕೆಗಳನ್ನೂ ಕಿತ್ತುಹಾಕಿತು. ಅದೇ ವರ್ಷ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ತನಗೆ ಬಂದ ನೂರಕ್ಕೂ ಹೆಚ್ಚು ದೂರುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 15 ಯಕೃತ್ತಿನ ಉರಿಯೂತದವು. ಫ್ರೆಂಚರು ಹಾಕಿದ ಲೆಕ್ಕ ಸರಳ: 180ರಲ್ಲಿ ಅವರ ಊಟದಿಂದ ಬರುವ 27 ಮಿಲಿಗ್ರಾಂ ಕಳೆದು, ಪೂರಕಕ್ಕೆ ಉಳಿಯುವುದು 153. ಹೀರಿಕೆ ಹೆಚ್ಚಿಸಿದ ರೂಪಗಳಿಗೆ ಈ ಲೆಕ್ಕವೂ ಸಾಲದು ಎಂದು ಅವರು ಬಿಡಿಸಿ ಹೇಳಿದರು. ಆಸ್ಟ್ರೇಲಿಯಾ 2023ರಲ್ಲಿ 18 ವರದಿಗಳನ್ನು ಮುಂದಿಟ್ಟು ಎಚ್ಚರಿಸಿತು. ಅಮೆರಿಕದ ಔಷಧಜನ್ಯ ಯಕೃತ್ ಹಾನಿ ಅಧ್ಯಯನ ಜಾಲ ಹತ್ತು ಪ್ರಕರಣಗಳನ್ನು ವಿವರವಾಗಿ ದಾಖಲಿಸಿತು. ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಪರೀಕ್ಷಿಸಿದ ಏಳು ಉತ್ಪನ್ನಗಳಲ್ಲೂ ಅರಿಶಿನವೇ ಇತ್ತು. ಮೂರರಲ್ಲಿ ಪೈಪರಿನ್ ಇತ್ತು.

ಮೂರರಲ್ಲಿ ಮಾತ್ರ. ಇಲ್ಲಿ ನಿಂತು ಯೋಚಿಸಬೇಕು, ಏಕೆಂದರೆ ಪೈಪರಿನ್ನನ್ನೇ ಅಪರಾಧಿ ಮಾಡಿ ಕಡತ ಮುಚ್ಚಲು ಇದು ಬಿಡುವುದಿಲ್ಲ. ಆ ಹತ್ತು ಮಂದಿಯಲ್ಲಿ ಏಳು ಮಂದಿಗೆ ಎಚ್‌ಎಲ್‌ಎ-ಬಿ 35:01 ಎಂಬ ಆನುವಂಶಿಕ ಗುರುತಿತ್ತು. ರೋಗನಿರೋಧಕ ವ್ಯವಸ್ಥೆ ಯಾವುದನ್ನು ಪರಕೀಯವೆಂದು ಗುರುತಿಸಬೇಕು ಎಂಬುದರಲ್ಲಿ ಪಾತ್ರವಹಿಸುವ ಜೀನ್ ಅದು. ಗ್ರೀನ್ ಟೀ ಸಾರದಿಂದ ಯಕೃತ್ತು ಕೆಡಿಸಿಕೊಂಡವರಲ್ಲೂ ಇದೇ ಗುರುತು ಎದ್ದು ಕಂಡಿದೆ. ನಮ್ಮ ಶಿರಸಿ, ಸಿದ್ದಾಪುರದ ಕಾಡುಗಳ ಉಪ್ಪಾಗೆ ಹಣ್ಣಿದೆಯಲ್ಲ, ಗಾರ್ಸೀನಿಯ ಎಂಬ ಹೆಸರಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಅಮೆರಿಕದಲ್ಲಿ ಬಿಕರಿಯಾಗುವುದು, ಅದರಿಂದ ಹಾನಿಗೊಳಗಾದವರಲ್ಲೂ ಇದೇ. ಮೂರು ಬೇರೆ ಬೇರೆ ಗಿಡಗಳು, ಮೂರೂ ಊಟದಲ್ಲೋ ಪಾನೀಯದಲ್ಲೋ ಶತಮಾನಗಳಿಂದ ಇದ್ದವು, ಮೂರೂ ಸಾರವಾಗಿ ಬದಲಾದ ಮೇಲೆ ಒಂದೇ ಬಗೆಯ ಜನರನ್ನು ಆರಿಸಿ ಹೊಡೆದವು.

ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಇಂಥ ಚರ್ಚೆಗಳಲ್ಲಿ ಎಲ್ಲರೂ ತರುತ್ತಾರೆ. ಅದು ಇಲ್ಲಿ ಅರ್ಧ ದೂರ ಮಾತ್ರ ಬರುತ್ತದೆ. ಈ ರೋಗಿಗಳು ಅತಿಯಾಗಿ ನುಂಗಿದವರಲ್ಲ. ಎಲ್ಲರಂತೆಯೇ ನುಂಗಿದ ಅಸಂಖ್ಯ ಜನರಿಗೆ ಏನೂ ಆಗಲಿಲ್ಲ, ಇವರಿಗೆ ಆಯಿತು. ಎಫ್ಸಾದ ಮಾರ್ಗಸೂಚಿ ಸೋಲುವುದೂ ಇಲ್ಲಿಯೇ. ಇಲಿಗಳಿಂದ ಹೊರಟು, ನೂರರಿಂದ ಭಾಗಿಸಿ, ಸರಾಸರಿ ಮನುಷ್ಯನಿಗೊಂದು ಮಿತಿ ಕಂಡುಹಿಡಿಯುವ ವಿಧಾನಕ್ಕೆ, ಸಾವಿರಾರು ಜನರಲ್ಲಿ ಒಬ್ಬರ ಯಕೃತ್ತು ಮಾತ್ರ ಏಕೆ ಸಿಡಿಯುತ್ತದೆ ಎಂಬುದು ಕಾಣುವುದಿಲ್ಲ. ಮನುಷ್ಯರ ಮೇಲಿನ ಪ್ರಯೋಗಗಳಿಗೂ ಕಾಣುವುದಿಲ್ಲ. ಥಾಯ್ಲೆಂಡಿನಲ್ಲಿ ಮಧುಮೇಹದ ಅಂಚಿನಲ್ಲಿದ್ದ 240 ಮಂದಿಯ ಮೇಲೆ ಒಂಬತ್ತು ತಿಂಗಳು ನಡೆದ ಪ್ರಯೋಗವನ್ನು ಕರ್ಕ್ಯುಮಿನ್ ಪರ ಬರೆಯುವವರು ಸುರಕ್ಷತೆಯ ಪುರಾವೆಯಾಗಿ ತೋರಿಸುತ್ತಾರೆ. ಅವರಲ್ಲಿ ಕರ್ಕ್ಯುಮಿನ್ ಪಡೆದವರು ಅರ್ಧದಷ್ಟು. 120 ಜನರಲ್ಲಿ ಯಾರಿಗೂ ಗಂಭೀರ ತೊಂದರೆ ಆಗದಿದ್ದರೆ, ಸಂಖ್ಯಾಶಾಸ್ತ್ರದ ಪ್ರಕಾರ ನಾವು ಖಚಿತವಾಗಿ ಹೇಳಬಹುದಾದದ್ದು ಅಪಾಯ ನಲವತ್ತರಲ್ಲಿ ಒಂದಕ್ಕಿಂತ ಕಡಿಮೆ ಎಂದಷ್ಟೇ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ಹಾನಿ ಇಂಥ ಬಲೆಗೆ ಬೀಳುವುದಿಲ್ಲ. ಅದನ್ನು ಹಿಡಿಯುವುದು ಮಾರುಕಟ್ಟೆಗೆ ಬಂದ ಮೇಲಿನ ನಿಗಾ ಮಾತ್ರ.

ಎಫ್ಸಾದ ಇನ್ನೊಂದು ದೌರ್ಬಲ್ಯ ಬುದ್ಧಿಯದಲ್ಲ, ಅಧಿಕಾರದ್ದು. ಅದರ ಮಾರ್ಗಸೂಚಿಯಂತೆ ಕಡತ ಸಿದ್ಧಪಡಿಸಿ ಒಪ್ಪಿಗೆ ಪಡೆದ ಮೇಲೆಯೇ ಮಾರಬೇಕೆಂಬ ಕಾನೂನು ಸಾಮಾನ್ಯ ಸಸ್ಯ ಪೂರಕಗಳಿಗೆ ಯುರೋಪಿನಲ್ಲಿಲ್ಲ. ಮೊದಲು ಮಾರಾಟ, ತೊಂದರೆ ಎದ್ದ ಮೇಲೆ ವಿಚಾರಣೆ. ಗ್ರೀನ್ ಟೀ ಇದಕ್ಕೆ ಉದಾಹರಣೆ. ಎಕ್ಸೋಲೀಸ್ ಎಂಬ ಸಾರದ ಮಾತ್ರೆಯನ್ನು ಯಕೃತ್ತಿನ ಹಾನಿಯ ಕಾರಣಕ್ಕೆ ಫ್ರಾನ್ಸ್ ಮತ್ತು ಸ್ಪೇನ್ 2003ರಲ್ಲೇ ಹಿಂತೆಗೆದವು. ಎಫ್ಸಾ ತನ್ನ ಅಭಿಪ್ರಾಯ ಕೊಟ್ಟದ್ದು 2018ರಲ್ಲಿ. ಬಿಸಿನೀರಿಗೆ ಎಲೆ ಹಾಕಿ ಕುಡಿಯುವ ಚಹಾದಿಂದ ಭಯವಿಲ್ಲ, ಆದರೆ ಪೂರಕದ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಎಂಬ ಚಹಾದ ಸತ್ವ ಸೇರಿದರೆ ಯಕೃತ್ತಿನ ಕಿಣ್ವಗಳು ಏರುತ್ತವೆ ಎಂದಿತು. ಇಷ್ಟರೊಳಗೆ ಸುರಕ್ಷಿತ ಎಂಬ ಸಂಖ್ಯೆಯನ್ನು ಮಾತ್ರ ತನ್ನಿಂದ ಹೇಳಲಾಗದು ಎಂದೂ ಒಪ್ಪಿಕೊಂಡಿತು, ಏಕೆಂದರೆ ಎಕ್ಸೋಲೀಸಿನಲ್ಲಿ ಇದ್ದದ್ದು ದಿನಕ್ಕೆ 375 ಮಾತ್ರ. 2022ರಲ್ಲಿ ಬಂದ ಕಾನೂನು ಮಿತಿಯನ್ನು ಎಲ್ಲಿಟ್ಟಿತು? 800ಕ್ಕಿಂತ ಕಡಿಮೆ ಎಂದು. ಹಾನಿ ಖಚಿತವಾಗಿ ಕಂಡ ಜಾಗದಲ್ಲೇ ಬೇಲಿ ಹಾಕಿದಂತಾಯಿತು. ವಿಜ್ಞಾನಿಗಳು ಎಚ್ಚರದಿಂದ ಬರೆದದ್ದನ್ನು ಕಾನೂನು ಸಡಿಲಗೊಳಿಸಿತು ಎಂದೇ ನಾನು ಓದುತ್ತೇನೆ.

ಗಿಡವನ್ನೇ ಒಂದು ಘಟಕವಾಗಿ ನೋಡುವ ತಪ್ಪು ನಿಷೇಧಿಸುವವರಲ್ಲೂ ಇದೆ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನು ಪೂರಕಗಳಲ್ಲಿ ಬಳಸಬಾರದೆಂದಿತು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ 2020ರ ವರದಿ ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳ ಮೇಲಿನ ಪರಿಣಾಮವನ್ನು ಪ್ರಸ್ತಾಪಿಸಿ, ಸುರಕ್ಷಿತ ಮಿತಿ ಹೇಳಲಾಗದು ಎಂದಿತ್ತು. ನಮ್ಮ ಕಡೆಯಿಂದ ಬಂದ ಪ್ರತಿಭಟನೆ ಶತಮಾನಗಳ ಬಳಕೆಯನ್ನು ಮುಂದಿಟ್ಟಿತು. ಆದರೆ ಅಶ್ವಗಂಧದ ಬೇರು ಬೇರೆ, ಎಲೆ ಬೇರೆ. ವಿತಾಫೆರಿನ್-ಎ ಎಂಬ ತೀಕ್ಷ್ಣ ಅಂಶ ಎಲೆಯಲ್ಲಿ ಹೆಚ್ಚು. ಶಾಸ್ತ್ರೀಯ ಬಳಕೆ ಬೇರಿನದು, ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವುದು ಎಲೆ. 2021ರಲ್ಲಿ ನಮ್ಮ ಆಯುಷ್ ಸಚಿವಾಲಯವೇ ಎಲೆಯನ್ನು ಬಳಸಬೇಡಿ ಎಂದು ತಯಾರಕರಿಗೆ ಹೇಳಬೇಕಾಯಿತು. ಆ ಸೂಚನೆಯಲ್ಲಿ ಇದ್ದ ನಿಖರತೆ ಡೇನರ ನಿಷೇಧದಲ್ಲೂ ಇರಲಿಲ್ಲ, ನಮ್ಮ ಪ್ರತಿಭಟನೆಯಲ್ಲೂ ಇರಲಿಲ್ಲ.

ಅಮೃತಬಳ್ಳಿಯ ವಿಷಯದಲ್ಲಿ ನಾವು ಇನ್ನೂ ಕೆಟ್ಟದಾಗಿ ನಡೆದುಕೊಂಡೆವು. ಕೋವಿಡ್ ಕಾಲದಲ್ಲಿ ಅದರ ಕಷಾಯ ಕುಡಿದ ಆರು ಮಂದಿಯ ಯಕೃತ್ ಹಾನಿಯನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದಾಗ, ಅದನ್ನು ದಾರಿತಪ್ಪಿಸುವ ವರದಿ ಎನ್ನಲಾಯಿತು. ಅದೇ ಕುಲದ ಬೇರೊಂದು ಬಳ್ಳಿಯನ್ನು ಬಳಸಿರಬಹುದು ಎನ್ನಲಾಯಿತು. ಮಾರನೆಯ ವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ 43 ಪ್ರಕರಣಗಳನ್ನು ಮುಂದಿಟ್ಟವು. ಬಳ್ಳಿ ಅದಲುಬದಲಾಗಿದೆ ಎಂಬ ಸಮರ್ಥನೆಯನ್ನು ಒಪ್ಪೋಣ. ಹಾಗಿದ್ದರೂ ಜನರಿಗೆ ತಲುಪುತ್ತಿರುವುದು ಯಾವ ಬಳ್ಳಿ ಎಂಬುದನ್ನು ಖಚಿತಪಡಿಸುವುದು ಸುರಕ್ಷತಾ ಮೌಲ್ಯಮಾಪನದ ಮೊದಲ ಮೆಟ್ಟಿಲು. ಅದು ತಪ್ಪಿದೆ ಎಂದು ಹೇಳಿ ಸುರಕ್ಷತೆಯನ್ನು ಸಮರ್ಥಿಸಲಾಗದು.

ಭಾರತದ ನಿಯಮಗಳಿಗೆ ಬರೋಣ. 2016ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಆರೋಗ್ಯ ಪೂರಕಗಳ ನಿಯಮಾವಳಿ ತಂದಿತು. ಅದರ ನಾಲ್ಕನೆಯ ಅನುಸೂಚಿಯಲ್ಲಿ ಬಳಸಬಹುದಾದ ಸಸ್ಯಗಳ ದೊಡ್ಡ ಪಟ್ಟಿ ಇದೆ. ಯಾವ ಭಾಗ, ದಿನಕ್ಕೆಷ್ಟು ಎಂದು ನಮೂದಿಸಿದೆ. ಯುರೋಪು ಒಟ್ಟಾಗಿ ಇನ್ನೂ ಮಾಡಲಾಗದ ಕೆಲಸ ಇದು, ಮೆಚ್ಚಬೇಕಾದದ್ದು. ಆದರೆ ಪ್ರಮಾಣವನ್ನು ಹೇಳಿರುವುದು ಕಚ್ಚಾ ಮೂಲಿಕೆಯ ಲೆಕ್ಕದಲ್ಲಿ. ಒಂದು ಗ್ರಾಂ ಸಾರವನ್ನು ಇಷ್ಟು ಗ್ರಾಂ ಬೇರಿಗೆ ಸಮ ಎಂದು ಗುಣಿಸಿ ಪಟ್ಟಿಯೊಳಗೆ ಕೂರಿಸುವುದು ಅಂಕಗಣಿತವಾಗಿ ಸರಿ, ರಸಾಯನಶಾಸ್ತ್ರವಾಗಿ ತಪ್ಪು. ದ್ರಾವಕ ಎಲ್ಲವನ್ನೂ ಸಮನಾಗಿ ಎಳೆದು ತರುವುದಿಲ್ಲ. ಕೆಲವನ್ನು ತರುತ್ತದೆ, ಕೆಲವನ್ನು ಬಿಡುತ್ತದೆ. ಉಳಿದದ್ದು ಮೂಲದ ಸಾಂದ್ರ ರೂಪವಲ್ಲ, ಆಯ್ದ ರೂಪ. ಇನ್ನು ಅದೇ ಅರಿಶಿನವನ್ನು ಆಯುರ್ವೇದ ಔಷಧವಾಗಿ ಮಾರಿದರೆ ಕಾನೂನೇ ಬೇರೆ: ಅಧಿಕೃತ ಗ್ರಂಥಗಳಲ್ಲಿರುವ ಯೋಗಗಳಿಗೆ ಸುರಕ್ಷತಾ ಅಧ್ಯಯನ ಬೇಕಿಲ್ಲ. ಗ್ರಂಥದ ಚೂರ್ಣಕ್ಕೆ ಈ ವಿನಾಯಿತಿ ನ್ಯಾಯವೇ. ಅದರ ನೆರಳಿನಲ್ಲಿ ನಿಂತು ಶೇ 95ರ ಸಾರಕ್ಕೂ ಪ್ರಾಚೀನತೆಯ ಗೌರವ ಕೇಳುವುದು ನ್ಯಾಯವಲ್ಲ.

ಪರಂಪರೆಯ ಹೆಸರೆತ್ತುವವರು ಪರಂಪರೆಯನ್ನು ಪೂರ್ತಿ ಓದಬೇಕು. ಆಯುರ್ವೇದ ಔಷಧಕೋಶದಲ್ಲಿ ಅರಿಶಿನದ ಚೂರ್ಣಕ್ಕೆ ಹೇಳಿರುವ ಪ್ರಮಾಣ 1ರಿಂದ 3 ಗ್ರಾಂ. ಒಳ್ಳೆಯ ವೈದ್ಯರು ಇಂದಿಗೂ ಮಾತ್ರೆ, ಅನುಪಾನ, ಋತು, ರೋಗಿಯ ಪ್ರಕೃತಿ ನೋಡದೆ ಏನನ್ನೂ ಕೊಡುವುದಿಲ್ಲ, ಇಷ್ಟು ದಿನ ಸಾಕು ಎಂದು ನಿಲ್ಲಿಸಲೂ ಹೇಳುತ್ತಾರೆ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ: ಕ್ಷಾರ, ಲವಣ ಮತ್ತು ಹಿಪ್ಪಲಿ. ಹಿಪ್ಪಲಿಯ ಮುಖ್ಯ ಖಾರದ ಸತ್ವ ಪೈಪರಿನ್. ಚರಕನಿಗೆ ಯಕೃತ್ತಿನ ಕಿಣ್ವಗಳು ಗೊತ್ತಿದ್ದವು ಎಂದು ನಾನು ಹೇಳುತ್ತಿಲ್ಲ. ಗಮನವಿಟ್ಟು ನೋಡಿದವರು ಯಾವುದೋ ಒಂದು ಹಾನಿಯನ್ನು ಕಂಡು ಬರೆದಿಟ್ಟರು, ನಾವು ಆ ಪುಟವನ್ನು ಬಿಟ್ಟು ಅರಿಶಿನದ ಹೊಗಳಿಕೆಯನ್ನು ಮಾತ್ರ ಲೇಬಲ್ಲಿಗೆ ತಂದೆವು.

ಇಟಲಿ, ಫ್ರಾನ್ಸ್‌ಗಳು ಮಿಕ್ಕವರಿಗಿಂತ ಮೊದಲು ಹಾನಿಯನ್ನು ಕಂಡದ್ದು ಅಲ್ಲಿನ ಜನರ ಯಕೃತ್ತು ದುರ್ಬಲವೆಂದಲ್ಲ. ಪೂರಕಗಳಿಂದಾದ ತೊಂದರೆಯನ್ನು ದಾಖಲಿಸಲು ಅಲ್ಲಿ ಮೀಸಲಾದ ವ್ಯವಸ್ಥೆ ಇದೆ. ನಮ್ಮಲ್ಲಿ ಔಷಧಗಳ ಅಡ್ಡಪರಿಣಾಮಕ್ಕೆ ಒಂದು ಜಾಲವಿದೆ, ಆಯುಷ್ ಔಷಧಗಳಿಗೆ 2018ರಿಂದ ಇನ್ನೊಂದಿದೆ. ಆಹಾರದ ಪರವಾನಗಿಯಲ್ಲಿ ಮಾರಾಟವಾಗುವ ಕ್ಯಾಪ್ಸೂಲು ಇವೆರಡರ ನಡುವಿನ ಸಂದಿಯಲ್ಲಿ ಬೀಳುತ್ತದೆ. ರೋಗಿ ಅದನ್ನು ಔಷಧವೆಂದು ಭಾವಿಸಿರುವುದಿಲ್ಲ, ಹಾಗಾಗಿ ಹೇಳುವುದಿಲ್ಲ. ವೈದ್ಯರು ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಿ ಎಂದು ಕೇಳಿದರೆ ಬಿಪಿ, ಶುಗರಿನ ಹೆಸರು ಬರುತ್ತದೆ, ಅಷ್ಟೇ. ಕಣ್ಣು ಹಳದಿಯಾಗಿ, ಮೂತ್ರ ಕಪ್ಪಾಗಿ, ಹಸಿವು ಹೋಗಿ ಬಂದ ವ್ಯಕ್ತಿಯನ್ನು ಅರಿಶಿನದ ಕ್ಯಾಪ್ಸೂಲು, ಗ್ರೀನ್ ಟೀ ಮಾತ್ರೆ, ಅಶ್ವಗಂಧ, ಅಮೃತಬಳ್ಳಿ ಕಷಾಯ ಎಂದು ಹೆಸರಿಟ್ಟು ಕೇಳಬೇಕು. ಡಬ್ಬಿಯನ್ನು ತರಲು ಹೇಳಬೇಕು, ಅದರ ಬ್ಯಾಚ್ ಸಂಖ್ಯೆಯನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ಕ್ಯಾಪ್ಸೂಲು ನಿಲ್ಲಿಸಿದರೆ ಹೆಚ್ಚಿನವರು ಕೆಲವು ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಸಾರಿಗೆ ಅರಿಶಿನ ಹಾಕುವುದನ್ನು ನಿಲ್ಲಿಸಬೇಕಾಗಿಲ್ಲ.